‘ಬಿಡಬೇಕಿತ್ತು’ ಎಂಬ ಮೂರನೆಯ ಕಾಲಂ: ಕೊಡಗಿನ ವಿದ್ಯಾರ್ಥಿನಿಯೊಬ್ಬಳ ಎಂಬಿಎ ಪ್ರವೇಶದ ಪ್ರಕರಣ

ಹುಡುಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಳಿನಿ ಎಂಬುದು ಅವಳ ನಿಜವಾದ ಹೆಸರಲ್ಲ. ಊರು, ಮನೆತನ, ಓದಿದ ಕಾಲೇಜು, ಕೊನೆಗೆ ಸೇರಿದ ಸಂಸ್ಥೆ, ಯಾವುದನ್ನೂ ಹೇಳುವುದಿಲ್ಲ. ಕೊಡಗು ಚಿಕ್ಕ ಜಿಲ್ಲೆ. ಎರಡು ವಿವರ ಸಿಕ್ಕರೆ ಮೂರನೆಯದನ್ನು ಜನ ತಾವೇ ಊಹಿಸುತ್ತಾರೆ. ನಾನು ಇಲ್ಲಿನ ಪದವಿ ಕಾಲೇಜಿನಲ್ಲಿ ಬಹಳ ವರ್ಷ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಎಂಬಿಎ ಮಾಡಬೇಕೆಂದು ಹೊರಡುವ ನಮ್ಮ ಮಕ್ಕಳು ಒಂದೇ ಕಡೆ ಎಡವುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಮೊದಲು ಪರೀಕ್ಷೆ ಬರೆಯುತ್ತಾರೆ, ಬಂದ ಅಂಕಕ್ಕೆ ಯಾವ ಕಾಲೇಜು ಸಿಗುತ್ತದೆಂದು ಆಮೇಲೆ ಹುಡುಕುತ್ತಾರೆ. ನಳಿನಿಯ ವಿಷಯದಲ್ಲಿ ಈ ಕ್ರಮ ತಲೆಕೆಳಗಾಯಿತು. ಹೇಗೆ ಎಂಬುದೇ ಈ ಬರಹ.

ಏಪ್ರಿಲ್‌ನ ಅವಸರ

2024ರ ಏಪ್ರಿಲ್ ಮೊದಲ ವಾರ. ಹೂಮಳೆ ಬಿದ್ದು ತೋಟಗಳಲ್ಲಿ ಕಾಫಿ ಹೂವು ಅರಳಿ ಉದುರಿತ್ತು. ನಳಿನಿ ತಂದೆಯ ಜೊತೆ ನಮ್ಮ ಮನೆಗೆ ಬಂದಳು. ವಯಸ್ಸು 23. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷ್, ಬಿ.ಕಾಂ.ನಲ್ಲಿ ಶೇಕಡಾ 71. ಎರಡು ವರ್ಷದಿಂದ ಕುಶಾಲನಗರದ ಕಡೆಯ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಡೆ) ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಆರು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಸ್ವಲ್ಪ ಗದ್ದೆ.

ಆ ವರ್ಷ ರೊಬಸ್ಟಾಕ್ಕೆ ನಮ್ಮ ತಲೆಮಾರು ಕಂಡಿರದ ಬೆಲೆ ಬಂದಿತ್ತು. ಅವಸರಕ್ಕೆ ಮೂಲವೂ ಅದೇ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಏಜೆಂಟ್ ಮನೆಗೆ ಫೋನ್ ಮಾಡಿ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಇದೆ, ಎರಡು ವರ್ಷಕ್ಕೆ 11 ಲಕ್ಷ, ಈ ವಾರವೇ ಮುಂಗಡ ಕೊಟ್ಟರೆ ಹೆಸರು ಬರೆದಿಡುತ್ತೇನೆ ಎಂದಿದ್ದ. ತಂದೆ 25,000 ರೂಪಾಯಿ ಕಳುಹಿಸಿಯೂ ಆಗಿತ್ತು.

“ಸರ್, ಕಾಫಿಗೆ ಇನ್ನೊಂದು ವರ್ಷ ಈ ಬೆಲೆ ಇರುತ್ತದೆ ಎಂದು ಯಾರು ಹೇಳುತ್ತಾರೆ? ಕೈಯಲ್ಲಿ ಇರುವಾಗಲೇ ಕಟ್ಟಿಬಿಡೋಣ ಅನಿಸಿತು,” ಎಂದರು. ಬೆಳೆಗಾರನ ಬಾಯಿಂದ ಬಂದ ಆ ಮಾತು ತಪ್ಪೆಂದು ನನಗೆ ಹೇಳಲಾಗಲಿಲ್ಲ. ಬೆಲೆ ಕುಸಿದ ವರ್ಷಗಳನ್ನು ಅವರೂ ಕಂಡಿದ್ದಾರೆ, ನಾನೂ ಕಂಡಿದ್ದೇನೆ.

ಇನ್ನೊಂದು ಕಡೆಯಿಂದ ಬೆಂಗಳೂರಿನಲ್ಲಿರುವ ಅವಳ ದೊಡ್ಡಪ್ಪನ ಮಗ, ಐಐಎಂ ಆದರೆ ಮಾತ್ರ ಹೋಗು, ಇಲ್ಲವಾದರೆ ಎಂಬಿಎ ಎಂಬ ಹೆಸರನ್ನೇ ಎತ್ತಬೇಡ ಎಂದಿದ್ದ. ನಳಿನಿಯನ್ನೇ ಕೇಳಿದೆ: “ನೀನು ಏನು ಮಾಡಬೇಕೆಂದಿದ್ದೀಯ, ಮಗು?” ಅವಳು ತಂದೆಯ ಮುಖ ನೋಡಿದಳು. ಉತ್ತರ ಇರಲಿಲ್ಲ.

ಕಾಲೇಜನ್ನು ಅಳೆದ ಬಗೆ

ತಂದೆಯ ಬಳಿ 4 ಲಕ್ಷ ಇತ್ತು. ಉಳಿದದ್ದಕ್ಕೆ ಶಿಕ್ಷಣ ಸಾಲ ಬೇಕು. ಹಾಗಾಗಿ ಕಾಲೇಜಿಗೆ ಹೋಗುವ ಮೊದಲು ಬ್ಯಾಂಕಿಗೆ ಹೋಗಿ ಬನ್ನಿ ಎಂದೆ. ಅಲ್ಲಿನ ವ್ಯವಸ್ಥಾಪಕರು ಕೇಳಿದ ಮೊದಲ ಪ್ರಶ್ನೆ ಹೀಗಿತ್ತಂತೆ: “ಪ್ರವೇಶ ಪರೀಕ್ಷೆಯಿಂದ ಬಂದ ಸೀಟೋ, ಮ್ಯಾನೇಜ್‌ಮೆಂಟ್ ಕೋಟಾವೋ?” ಕೋಟಾ ಎಂದ ಕೂಡಲೇ ಮಾತು ತೋಟದ ಅಡಮಾನಕ್ಕೆ ತಿರುಗಿತು. ಇವರದು ಜಮ್ಮಾ ಹಿಡುವಳಿ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ. ಆರ್‌ಟಿಸಿಯಲ್ಲಿ ಕುಟುಂಬದ ಹಲವರ ಹೆಸರುಗಳಿವೆ. ಎಲ್ಲರ ಸಹಿ ತರುವುದು ಒಂದು ವರ್ಷದ ಕೆಲಸ, ಅದೂ ಎಲ್ಲರೂ ಒಪ್ಪಿದರೆ. ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ಹೆಸರಾಂತ ಸಂಸ್ಥೆಗಳಲ್ಲಿ ಪರೀಕ್ಷೆಯ ಮೂಲಕ ಸೀಟು ಪಡೆದವರಿಗೆ ಅದಕ್ಕಿಂತ ದೊಡ್ಡ ಮೊತ್ತವನ್ನೂ ಅಡಮಾನವಿಲ್ಲದೆ ಕೊಡುವ ಯೋಜನೆಗಳು ಬ್ಯಾಂಕುಗಳಲ್ಲಿವೆ. ಯಾವ ಯಾವ ಸಂಸ್ಥೆ ಎಂಬ ಪಟ್ಟಿಯೂ ಬ್ಯಾಂಕಿನಲ್ಲಿರುತ್ತದೆ. ಆ ಖಾಸಗಿ ಕಾಲೇಜು ಪಟ್ಟಿಯಲ್ಲಿ ಇರಲಿಲ್ಲ.

ಮೊದಲ ತಿರುವು ಇದು. ಸಾಲ ಸಿಗುವುದು ಕಷ್ಟ ಎಂಬುದಕ್ಕಿಂತ, ಸಾಲ ಕೊಡುವವನು ಆ ಕಾಲೇಜಿನ ಮೇಲೆ ಹಣ ಹೂಡಲು ಹಿಂಜರಿಯುತ್ತಾನೆ ಎಂಬುದು ತಂದೆಯನ್ನು ತಟ್ಟಿತು.

ಆಮೇಲೆ ನಳಿನಿ ಆ ಕಾಲೇಜಿನ ಬಣ್ಣದ ಪುಸ್ತಿಕೆ ತಂದಳು. ಮುಖಪುಟದಲ್ಲಿ ಗರಿಷ್ಠ ಸಂಬಳ ದಪ್ಪ ಅಕ್ಷರದಲ್ಲಿ, ಒಳಗೆ ಸರಾಸರಿ ಸಂಬಳ. ನಾನು ಹಾಳೆಯ ಮೇಲೆ ಹತ್ತು ವಿದ್ಯಾರ್ಥಿಗಳನ್ನು ಬರೆದೆ. ಒಂಬತ್ತು ಮಂದಿಗೆ 5 ಲಕ್ಷ, ಒಬ್ಬನಿಗೆ 45 ಲಕ್ಷ. ಸರಾಸರಿ 9 ಲಕ್ಷ. ಆದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಕೈಯಲ್ಲಿ ಇರುವುದು 5 ಲಕ್ಷ ಮಾತ್ರ. ನೋಡಬೇಕಾದದ್ದು ಈ ನಡುವಿನ ಅಂಕಿಯನ್ನು, ಅಂದರೆ ಮೀಡಿಯನ್ ಸಂಬಳವನ್ನು. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಸಂಸ್ಥೆಗಳು ಸಲ್ಲಿಸುವ ಮಾಹಿತಿಯಲ್ಲಿ ಇದು ಇರುತ್ತದೆ. ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದೂ ಇರುತ್ತದೆ. ಆ ಕಾಗದ ಸಾರ್ವಜನಿಕ. ಶ್ರೇಯಾಂಕದ ಸಂಖ್ಯೆಗಿಂತ ಆ ಕಾಗದವೇ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ನಂಬಿಕೆ. ಈ ಕಾಲೇಜಿನ ವಿವರ ನಮಗೆ ಅಲ್ಲಿ ಸಿಗಲಿಲ್ಲ. ಕೇಳಿದಾಗ ಏಜೆಂಟ್, “ಮೇಡಂ, ಮೊದಲು ಸೀಟು ಖಚಿತ ಮಾಡಿ, ಆಮೇಲೆ ಎಲ್ಲ ಕೊಡುತ್ತೇವೆ,” ಎಂದ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಇಷ್ಟಾದರೂ, ಎಲ್ಲಿಗೆ ಬೇಡ ಎಂದಷ್ಟೇ ತಿಳಿದಿತ್ತು. ಎಲ್ಲಿಗೆ ಎಂಬುದು ಗೊತ್ತಾದದ್ದು ಮೂರು ವಾರದ ನಂತರ. ಕ್ಯೂರಿಂಗ್ ಘಟಕದಲ್ಲಿ ಅವಳಿಗೆ ದಿನದಲ್ಲಿ ಯಾವ ಗಂಟೆ ಬೇಗ ಕಳೆಯುತ್ತದೆ ಎಂದು ಗಮನಿಸಿ ಬರೆಯಲು ಹೇಳಿದ್ದೆ. ಲೆಡ್ಜರ್ ಬರೆಯುವ ಗಂಟೆ ಅಲ್ಲ. ಚೀಲಗಳಿಂದ ಮಾದರಿ ತೆಗೆದು ತೇವಾಂಶ ನೋಡಿ, ಔಟ್‌ಟರ್ನ್ (ಒಂದು ಚೀಲ ಒಣ ಕಾಫಿಯಿಂದ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬುದು) ಲೆಕ್ಕ ಹಾಕಿ, ಬೆಳೆಗಾರನಿಗೆ ಇಷ್ಟು ಬೆಲೆ ಎಂದು ಹೇಳುವ ಗಂಟೆ. “ಅಲ್ಲಿ ಬೆಳೆಗಾರರಿಗೆ ಏನೂ ತಿಳಿಯುವುದಿಲ್ಲ ಸರ್, ಹೇಳಿದ್ದನ್ನು ನಂಬಿ ಹೋಗುತ್ತಾರೆ. ನಮ್ಮಪ್ಪನೂ ಹಾಗೆಯೇ,” ಎಂದಳು. ಕಾಫಿ ವ್ಯಾಪಾರದಲ್ಲೇ ಇರಬೇಕು, ಬೆಲೆ ತೀರ್ಮಾನವಾಗುವ ಕಡೆ ಇರಬೇಕು ಎಂಬುದು ಅವಳ ಬಾಯಿಂದಲೇ ಬಂತು.

ಆಗ ಪಟ್ಟಿ ತಾನಾಗಿ ಚಿಕ್ಕದಾಯಿತು. ಕೃಷಿ ವ್ಯವಹಾರ ನಿರ್ವಹಣೆಗೆ ಅಹಮದಾಬಾದ್ ಮತ್ತು ಲಖನೌ ಐಐಎಂಗಳಲ್ಲಿ ಪ್ರತ್ಯೇಕ ಕೋರ್ಸುಗಳಿವೆ, ಹೈದರಾಬಾದಿನಲ್ಲಿ ‘ಮ್ಯಾನೇಜ್’ ಎಂಬ ಕೃಷಿ ನಿರ್ವಹಣಾ ಸಂಸ್ಥೆ ಇದೆ, ಗ್ರಾಮೀಣ ನಿರ್ವಹಣೆಗೆ ಆನಂದ್‌ನ ಇರ್ಮಾ ಇದೆ. ತೋಟದ ಬೆಳೆಗಳಿಗೆಂದೇ ಕೇಂದ್ರ ವಾಣಿಜ್ಯ ಸಚಿವಾಲಯ 1993ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಲಾಂಟೇಷನ್ ಮ್ಯಾನೇಜ್‌ಮೆಂಟ್ ಇದೆ. ಕೊಡಗಿನಲ್ಲಿ ಕಾಫಿ ಬೆಳೆಯುವ ಮನೆಗಳಲ್ಲೇ ಇದರ ಹೆಸರು ಗೊತ್ತಿಲ್ಲದಿರುವುದು ನನಗೆ ಪ್ರತಿ ಸಲ ನೋವು ಕೊಡುತ್ತದೆ. ಇವು ಯಾವುವೂ ಆಗದಿದ್ದರೆ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕಡಿಮೆ ಶುಲ್ಕದಲ್ಲಿ ಎಂಬಿಎ ಮಾಡುವುದು. ಪಟ್ಟಿಯಲ್ಲಿದ್ದ ಹೆಚ್ಚಿನ ಸಂಸ್ಥೆಗಳು ಐಐಎಂಗಳು ನಡೆಸುವ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನ ಅಂಕವನ್ನು ಒಪ್ಪುವುದರಿಂದ ಬರೆಯಬೇಕಾದ ಮುಖ್ಯ ಪರೀಕ್ಷೆ ಒಂದೇ ಆಯಿತು. ಮೊದಲು ಅವಳು ಐದು ಪರೀಕ್ಷೆಗಳಿಗೆ ಶುಲ್ಕ ಕಟ್ಟುವ ಯೋಚನೆಯಲ್ಲಿದ್ದಳು.

ಮಳೆಗಾಲದ ತಯಾರಿ

ಪರೀಕ್ಷೆಯ ಸ್ವರೂಪವನ್ನು ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಕ್ಯಾಟ್ ವರ್ಷಕ್ಕೆ ಒಂದೇ ಸಲ, ನವೆಂಬರ್ ಕೊನೆಯಲ್ಲಿ. ಇಂಗ್ಲಿಷ್ ಓದು ಮತ್ತು ಭಾಷೆ, ದತ್ತಾಂಶ ಮತ್ತು ತರ್ಕ, ಗಣಿತ ಎಂದು ಮೂರು ಭಾಗ; ಒಂದೊಂದಕ್ಕೆ 40 ನಿಮಿಷ, ಒಂದು ಭಾಗದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. 2024ರಲ್ಲಿ ಒಟ್ಟು 68 ಪ್ರಶ್ನೆಗಳಿದ್ದವು. ಸರಿ ಉತ್ತರಕ್ಕೆ 3 ಅಂಕ, ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಆಯ್ಕೆ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಡಿತ, ಉತ್ತರವನ್ನು ನಾವೇ ತುಂಬಬೇಕಾದ ಪ್ರಶ್ನೆಗಳಿಗೆ ಕಡಿತವಿಲ್ಲ. ಫಲಿತಾಂಶ ಬರುವುದು ಪರ್ಸೆಂಟೈಲ್‌ನಲ್ಲಿ, ಅಂದರೆ ಬರೆದವರಲ್ಲಿ ಶೇಕಡಾ ಎಷ್ಟು ಮಂದಿ ನಿಮಗಿಂತ ಹಿಂದಿದ್ದಾರೆ ಎಂಬ ಲೆಕ್ಕದಲ್ಲಿ. ಆ ವರ್ಷ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ. 90 ಪರ್ಸೆಂಟೈಲ್ ಎಂದರೂ ನಿಮ್ಮ ಮುಂದೆ ಸುಮಾರು 29 ಸಾವಿರ ಮಂದಿ ಇದ್ದಾರೆ ಎಂದರ್ಥ. ಇದನ್ನು ಶೇಕಡಾವಾರು ಅಂಕವೆಂದು ತಿಳಿದು ಬೀಗುವವರೂ ಕುಗ್ಗುವವರೂ ನಮ್ಮಲ್ಲಿ ಬಹಳ.

ಅವಳು ಆನ್‌ಲೈನ್ ತರಬೇತಿಗೆ ಸೇರಿದಳು. ಜೂನ್ ಬಂತು, ಮಳೆ ಹಿಡಿಯಿತು. ಮರ ಬಿದ್ದು ತಂತಿ ಹರಿದು ಮೂರು ಮೂರು ದಿನ ಕರೆಂಟ್ ಇಲ್ಲ, ಟವರ್ ಸತ್ತರೆ ಮೊಬೈಲ್‌ನಲ್ಲಿ ಒಂದು ಗೆರೆಯೂ ಇಲ್ಲ. ನೇರ ತರಗತಿಗಳಲ್ಲಿ ಅರ್ಧಕ್ಕರ್ಧ ತಪ್ಪಿದವು. ಮೊದಲ ಮಾದರಿ ಪರೀಕ್ಷೆಯಲ್ಲಿ 54 ಪರ್ಸೆಂಟೈಲ್. ಅಳುತ್ತಾ ಬಂದಳು.

ಆ ದಿನ ನಾನು ಕೊಟ್ಟ ಸಲಹೆ ತಪ್ಪಾಗಿತ್ತು, ಅದನ್ನು ಇಲ್ಲಿ ಬರೆಯಲೇಬೇಕು. ಕೆಲಸ ಬಿಟ್ಟು ಮೈಸೂರಿನಲ್ಲಿ ಕೋಣೆ ಹಿಡಿದು ಓದು ಎಂದೆ. ಅವಳು ಎರಡು ದಿನ ಯೋಚಿಸಿ, “ಬೇಡ ಸರ್. ಸಂಬಳ ನಿಂತರೆ ಅಪ್ಪನ ಕೈ ಕಾಯಬೇಕು. ಪರೀಕ್ಷೆ ಹೋದರೆ ಕೆಲಸವೂ ಹೋಗಿರುತ್ತದೆ,” ಎಂದಳು. ಮುಂದೆ ಸಂದರ್ಶನದಲ್ಲಿ ಅವಳನ್ನು ಎತ್ತಿ ಹಿಡಿದದ್ದು ಆ ಕೆಲಸವೇ. ಮಳೆಗಾಲದಲ್ಲಿ ಕ್ಯೂರಿಂಗ್ ಘಟಕದಲ್ಲಿ ಒತ್ತಡ ಕಡಿಮೆ ಎಂಬುದು ನನಗೆ ತಿಳಿದಿರಲಿಲ್ಲ, ಅವಳಿಗೆ ತಿಳಿದಿತ್ತು.

ಹಾಗಾಗಿ ತಯಾರಿಯನ್ನೇ ಮಳೆಗೆ ಹೊಂದಿಸಿದೆವು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗೋಣಿಕೊಪ್ಪಲಿನ ಅಂಗಡಿಯಲ್ಲಿ ಮುದ್ರಿಸಿ ಬೈಂಡ್ ಮಾಡಿಸಿದಳು. ವಾರದ ದಿನಗಳಲ್ಲಿ ಕಾಗದ, ಪೆನ್ನು, ಚಾರ್ಜಿಂಗ್ ದೀಪ. ಎರಡು ವಾರಕ್ಕೊಮ್ಮೆ ಶನಿವಾರ ಸಂಜೆ ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗಿ, ಭಾನುವಾರ ಬೆಳಗ್ಗೆ ಅಲ್ಲಿನ ಕಂಪ್ಯೂಟರಿನಲ್ಲಿ ಪೂರ್ತಿ ಮಾದರಿ ಪರೀಕ್ಷೆ. ಕ್ಯಾಟ್‌ನಲ್ಲಿ ಅಂಕಿಗಳನ್ನೂ ಪರದೆಯ ಮೇಲಿನ ಕೀಲಿಗಳಲ್ಲಿ ಮೌಸ್‌ನಿಂದಲೇ ಒತ್ತಬೇಕು. ಮೊಬೈಲ್‌ನಲ್ಲಿ ಅಭ್ಯಾಸ ಮಾಡಿದವರಿಗೆ ಇದು ಅಡ್ಡ ಬರುತ್ತದೆ.

ಗಣಿತದಲ್ಲಿ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಶೇಕಡಾ ಲೆಕ್ಕದಲ್ಲಿ ಬರುವ ಹಳೆಯ ಪ್ರಶ್ನೆ: ಹಸಿ ದ್ರಾಕ್ಷಿಯಲ್ಲಿ ಶೇಕಡಾ 90 ನೀರು, ಒಣ ದ್ರಾಕ್ಷಿಯಲ್ಲಿ ಶೇಕಡಾ 20 ನೀರು, 20 ಕೆ.ಜಿ. ಹಸಿ ದ್ರಾಕ್ಷಿಯಿಂದ ಒಣಗಿದ್ದು ಎಷ್ಟು ಸಿಗುತ್ತದೆ? ಅವಳು 90ರಿಂದ 20 ಕಳೆದು, ಶೇಕಡಾ 70 ಹೋಯಿತು, ಉಳಿದದ್ದು 6 ಕೆ.ಜಿ. ಎಂದು ಬರೆದಿದ್ದಳು. ನಾನು ಹಾಳೆ ಪಕ್ಕಕ್ಕಿಟ್ಟು ಕೇಳಿದೆ: “ನಿಮ್ಮ ಕಣದಲ್ಲಿ ಕಾಫಿ ಹಣ್ಣು ಹರಡುತ್ತೀರಿ. ಹದಿನೈದು ದಿನ ಬಿಸಿಲು. ಏನು ಹೋಗುತ್ತದೆ, ಏನು ಉಳಿಯುತ್ತದೆ?” ನೀರು ಹೋಗುತ್ತದೆ, ಬೀಜ ಮತ್ತು ಸಿಪ್ಪೆ ಅಷ್ಟೇ ಇರುತ್ತದೆ ಎಂದಳು. “ಹಾಗಾದರೆ ಇಲ್ಲಿ ಹೋಗದೆ ಉಳಿದದ್ದು ಯಾವುದು?” ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ನು ತೆಗೆದುಕೊಂಡಳು. ನೀರಲ್ಲದ್ದು 20 ಕೆ.ಜಿ.ಯಲ್ಲಿ 2 ಕೆ.ಜಿ. ಒಣಗಿದ ಮೇಲೂ ಅದೇ 2 ಕೆ.ಜಿ., ಆದರೆ ಈಗ ಅದು ಒಟ್ಟು ತೂಕದ ಶೇಕಡಾ 80. ಹಾಗಾಗಿ ಎರಡೂವರೆ ಕೆ.ಜಿ. “ಇದನ್ನು ನಾನು ದಿನಾ ಘಟಕದಲ್ಲಿ ಮಾಡುತ್ತೇನಲ್ಲ ಸರ್!” ಎಂದಳು. 50 ಕೆ.ಜಿ.ಯ ಒಂದು ಚೀಲ ಚೆರ್ರಿಗೆ (ಸಿಪ್ಪೆಸಹಿತ ಒಣಗಿದ ಕಾಫಿ) 26 ಕೆ.ಜಿ. ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಬಂದರೆ ಔಟ್‌ಟರ್ನ್ 26 ಎಂದು ಬಾಯಲ್ಲೇ ಲೆಕ್ಕ ಹೇಳುವ ಹುಡುಗಿ ಅವಳು. ಅವಳಿಗೆ ಗಣಿತ ಬರುತ್ತಿರಲಿಲ್ಲ ಎಂಬುದು ಸುಳ್ಳು. ಇಂಗ್ಲಿಷಿನಲ್ಲಿ ಬರೆದ ಗಣಿತದೊಳಗೆ ತನ್ನ ಕಣ ಅವಳಿಗೆ ಕಾಣುತ್ತಿರಲಿಲ್ಲ.

ಎರಡನೆಯ ತಿರುವು ಆಗಸ್ಟ್‌ನಲ್ಲಿ. ಪ್ರತಿ ಮಾದರಿ ಪರೀಕ್ಷೆಯ ಮರುದಿನ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂಗಳಲ್ಲಿ ಬರೆಯಲು ಹೇಳಿದ್ದೆ: ‘ಗೊತ್ತಿರಲಿಲ್ಲ’, ‘ಗೊತ್ತಿದ್ದೂ ತಪ್ಪಿದೆ’, ‘ಬಿಡಬೇಕಿತ್ತು’. ನಾಲ್ಕು ಪರೀಕ್ಷೆಗಳ ನಂತರ ನೋಡಿದರೆ ಮೂರನೆಯ ಕಾಲಂ ಉಳಿದೆರಡನ್ನೂ ಕೂಡಿಸಿದಷ್ಟು ಉದ್ದವಿತ್ತು. ಒಂದು ಪರೀಕ್ಷೆಯಲ್ಲಿ ಗಣಿತದ 18 ಆಯ್ಕೆ ಪ್ರಶ್ನೆಗಳನ್ನು ಮುಟ್ಟಿ 8 ಸರಿ, 10 ತಪ್ಪು. 24ರಲ್ಲಿ 10 ಕಳೆದು 14 ಅಂಕ. ಮುಂದಿನದರಲ್ಲಿ 11 ಮಾತ್ರ ಮುಟ್ಟು, ಉಳಿದದ್ದನ್ನು ಓದಿ ಬಿಡು ಎಂದೆ. 9 ಸರಿ, 2 ತಪ್ಪು; 25 ಅಂಕ. ಶಾಲೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಬರೆ, ಖಾಲಿ ಬಿಡಬೇಡ ಎಂದು ನಾವೇ ಕಲಿಸಿದ್ದೇವೆ. ನಾನೂ ಕಲಿಸಿದ್ದೇನೆ. ಈ ಪರೀಕ್ಷೆಯಲ್ಲಿ ಆ ಅಭ್ಯಾಸವೇ ಶತ್ರು. ತರ್ಕದ ಭಾಗದಲ್ಲಂತೂ ಮೊದಲ ಆರು ನಿಮಿಷ ಎಲ್ಲ ಪ್ರಶ್ನೆಗಳ ಗುಂಪುಗಳನ್ನೂ ಓದಿ, ಯಾವೆರಡನ್ನು ಬಿಡಿಸಬಹುದು ಎಂದು ಗುರುತು ಹಾಕಿದ ಮೇಲೆಯೇ ಪೆನ್ನು ಎತ್ತುವುದು ಎಂಬ ನಿಯಮ ಮಾಡಿಕೊಂಡಳು.

ಇಂಗ್ಲಿಷ್ ಓದು ಕೊನೆಯವರೆಗೂ ಕಾಡಿತು. ಪದಗಳ ಪಟ್ಟಿ ಬಾಯಿಪಾಠ ಮಾಡಿ ಎರಡು ತಿಂಗಳು ವ್ಯರ್ಥವಾಯಿತು. ಆಮೇಲೆ ಬೇರೆ ದಾರಿ ಹಿಡಿದೆವು: ದಿನಕ್ಕೆ ಒಂದು ಇಂಗ್ಲಿಷ್ ಲೇಖನ ಓದಿ, ಅದರ ಸಾರವನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಎರಡು ವಾಕ್ಯದಲ್ಲಿ ಕನ್ನಡದಲ್ಲಿ ಹೇಳುವುದು. ಅಮ್ಮ ಅಕ್ಕಿ ರೊಟ್ಟಿ ತಟ್ಟುತ್ತಾ ಒಂದು ದಿನ ಕೇಳಿದರಂತೆ: “ಅದಿರಲಿ, ಬರೆದವರು ಅದನ್ನು ಒಪ್ಪಿದರೋ ಇಲ್ಲವೋ?” ನಳಿನಿಗೆ ಉತ್ತರ ತಿಳಿದಿರಲಿಲ್ಲ. ಮತ್ತೆ ಹೋಗಿ ಓದಿದಳು. ಪ್ರಶ್ನೆಪತ್ರಿಕೆ ಪ್ರತಿ ಲೇಖನದ ಕೆಳಗೆ ಬೇರೆ ಬೇರೆ ಮಾತಿನಲ್ಲಿ ಕೇಳುವುದೂ ಅದನ್ನೇ. ಆ ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಇಡೀ ತಯಾರಿಯಲ್ಲಿ ಅವರಿಗಿಂತ ಒಳ್ಳೆಯ ಇಂಗ್ಲಿಷ್ ಶಿಕ್ಷಕರು ಅವಳಿಗೆ ಸಿಗಲಿಲ್ಲ ಎಂದು ಮನಸಾರೆ ಹೇಳುತ್ತೇನೆ.

ಪರೀಕ್ಷೆ, ಕರೆ, ಸಂದರ್ಶನ

ಅರ್ಜಿಯಲ್ಲಿ ಪರೀಕ್ಷಾ ನಗರವಾಗಿ ಮೈಸೂರನ್ನು ಮೊದಲು ಬರೆದಳು. ಕೊಡಗಿನವರು ಹಿಂದಿನ ದಿನವೇ ಹೋಗಿ ಉಳಿಯುವುದು ಕಡ್ಡಾಯ ಎಂದೇ ಹೇಳುತ್ತೇನೆ. ಬೆಳಗಿನ ಪಾಳಿ ಎಂಟೂವರೆಗೆ ಶುರು, ನಮಗೆ ರೈಲಿಲ್ಲ, ತಿತಿಮತಿ ಕಾಡಿನ ರಸ್ತೆಯಲ್ಲಿ ನಸುಕಿನಲ್ಲಿ ಆನೆ ಅಡ್ಡ ನಿಂತರೆ ಬಸ್ಸು ಕಾಯಲೇಬೇಕು. ನವೆಂಬರ್ 24ರ ಪರೀಕ್ಷೆ ಶಾಂತವಾಗಿ ಮುಗಿಯಿತು. ಡಿಸೆಂಬರ್‌ನಲ್ಲಿ ಫಲಿತಾಂಶ: ತರ್ಕದಲ್ಲಿ 92, ಗಣಿತದಲ್ಲಿ 86, ಇಂಗ್ಲಿಷಿನಲ್ಲಿ 71, ಒಟ್ಟು 87 ಪರ್ಸೆಂಟೈಲ್. ಐಐಎಂಗಳಿಂದ ಕರೆ ಬರಲಿಲ್ಲ. ದೊಡ್ಡಪ್ಪನ ಮಗ, ಇನ್ನೊಂದು ವರ್ಷ ಬರೆಯಲಿ ಎಂದ. ಗುರಿ ಕೇವಲ ಅಂಕವಾಗಿದ್ದರೆ ಆ ಮಾತು ಸರಿ. ಆದರೆ ಪಟ್ಟಿಯಲ್ಲಿದ್ದ ಎರಡು ಸಂಸ್ಥೆಗಳಿಂದ ಸಂದರ್ಶನದ ಕರೆ ಬಂದಿತ್ತು, ಅವಳು ಹೋಗಬೇಕೆಂದಿದ್ದ ಕೆಲಸಕ್ಕೆ ಎರಡೂ ದಾರಿಯಾಗುತ್ತಿದ್ದವು. ಮತ್ತೆ ಬರೆಯುವುದಿಲ್ಲ ಎಂದು ಅವಳೇ ತೀರ್ಮಾನಿಸಿದಳು.

ಮೊದಲ ಸಂದರ್ಶನ ಕೈ ಕೊಟ್ಟಿತು. “ನಿಮ್ಮ ತಂದೆ ಇಂದು ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು. ಮೊದಲು ಹಾಗಿತ್ತೇ?” ಎಂದು ಕೇಳಿದರು. ಬೆಳೆಗಾರರ ಕಾಫಿಯನ್ನೆಲ್ಲ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲಿಂಗ್ ಬಗ್ಗೆ, 1990ರ ದಶಕದಲ್ಲಿ ಅದು ಹಂತ ಹಂತವಾಗಿ ತೆರವಾದ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಬಂದಳು.

ಆ ಸಂಜೆ ಹೊರಗಿನಿಂದಲೇ ತಂದೆಗೆ ಫೋನ್ ಮಾಡಿದಳು. ಫೆಬ್ರವರಿ, ಕೊಯ್ಲಿನ ಕಾಲ. ಅವರು ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲ್ ಹೊದಿಸುತ್ತಿದ್ದರು. ಮಗಳ ಪ್ರಶ್ನೆ ಕೇಳಿ ಅಲ್ಲೇ ಕುಳಿತು ಮುಕ್ಕಾಲು ಗಂಟೆ ಮಾತಾಡಿದರು: ಬೆಳೆಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕಿದ್ದ ಕಾಲ, ಹಣ ಕಂತು ಕಂತಾಗಿ ಬರುತ್ತಿದ್ದದ್ದು, ಮುಕ್ತ ಮಾರಾಟ ಬಂದಾಗ ಅಜ್ಜ ಹೆದರಿದ್ದು, ಈಗ ರೊಬಸ್ಟಾ ಬೆಲೆ ಲಂಡನ್ ಮಾರುಕಟ್ಟೆಯನ್ನು ನೋಡಿ ಏರಿಳಿಯುವುದು. ಎಂಟು ತಿಂಗಳು ಓದಿದ ಹುಡುಗಿ ತಂದೆಯನ್ನು ಇದರ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಕೇಳು ಎಂದು ನಾನೂ ಹೇಳಿರಲಿಲ್ಲ. ಈ ಪ್ರಕರಣದಲ್ಲಿ ನನ್ನ ದೊಡ್ಡ ಲೋಪ ಇದು ಎಂದು ಭಾವಿಸುತ್ತೇನೆ. ಈಗ ಸಂದರ್ಶನಕ್ಕೆ ಹೋಗುವ ಯಾರೇ ಬರಲಿ, ಮೊದಲು ಮನೆಯವರನ್ನು ಕೂರಿಸಿಕೊಂಡು ಒಂದು ಸಂಜೆ ಕೇಳಿ ಬನ್ನಿ ಎನ್ನುತ್ತೇನೆ.

ಎರಡನೆಯ ಸಂದರ್ಶನದಲ್ಲಿ ಬೆಲೆಯ ಪ್ರಶ್ನೆಯೇ ಬಂತು. ಔಟ್‌ಟರ್ನ್ ಎಂದರೇನು, 26 ಇದ್ದದ್ದು 27 ಆದರೆ ಬೆಳೆಗಾರನಿಗೆ ಏನು ಲಾಭ ಎಂದು ಕೇಳಿದರು. ಚೀಲಕ್ಕೆ ಒಂದು ಕೆ.ಜಿ. ಕ್ಲೀನ್ ಕಾಫಿಯ ಬೆಲೆ ಹೆಚ್ಚು ಸಿಗಬೇಕು, ಆದರೆ ಮಾದರಿ ತೆಗೆಯುವಾಗ ಬೆಳೆಗಾರ ಪಕ್ಕದಲ್ಲಿ ನಿಲ್ಲದಿದ್ದರೆ ಆ ಒಂದು ಕೆ.ಜಿ. ಅವನಿಗೆ ಕಾಣುವುದೇ ಇಲ್ಲ ಎಂದಳಂತೆ. ರೊಬಸ್ಟಾ ಚೆರ್ರಿಯನ್ನು ಶೇಕಡಾ 11ರ ಆಸುಪಾಸಿನ ತೇವಾಂಶಕ್ಕೆ ಏಕೆ ಒಣಗಿಸಬೇಕು ಎಂಬುದನ್ನೂ ವಿವರಿಸಿದಳು. ಏಪ್ರಿಲ್‌ನಲ್ಲಿ ಪ್ರವೇಶಪತ್ರ ಬಂತು.

ಬ್ಯಾಂಕಿಗೆ ಮತ್ತೆ ಹೋದರು. ಈ ಸಲ ಅದೇ ವ್ಯವಸ್ಥಾಪಕರು ಪ್ರವೇಶಪತ್ರ ನೋಡಿ ಅರ್ಜಿ ನಮೂನೆ ಕೈಗಿತ್ತರು. ತಂದೆಯ 4 ಲಕ್ಷ ಹೋಗಿ ಉಳಿದದ್ದು ಏಳೂವರೆ ಲಕ್ಷದ ಮಿತಿಯೊಳಗೇ ನಿಂತಿತು. ಆರ್‌ಟಿಸಿ ಯಾರೂ ಕೇಳಲಿಲ್ಲ. ಪಿಜಿಸಿಇಟಿ ಬರೆಯುವ ಅಗತ್ಯ ಬೀಳಲಿಲ್ಲ. ಮೂರು ಕಾಲಂಗಳ ಆ ನೋಟ್‌ಬುಕ್ ಈಗ ನಮ್ಮ ಮನೆಯಲ್ಲಿದೆ, ಮಾದರಿಗಾಗಿ ಬೇಕೆಂದವರಿಗೆ ತೋರಿಸುತ್ತೇನೆ.

ಖಾಸಗಿ ಕಾಲೇಜಿಗೆ ಕಳುಹಿಸಿದ 25,000 ರೂಪಾಯಿ ಇನ್ನೂ ಬಂದಿಲ್ಲ. ರಸೀದಿ ಕೊಟ್ಟಿರಲಿಲ್ಲ, ಹಣ ಹೋದದ್ದು ಏಜೆಂಟನ ಸ್ವಂತ ಖಾತೆಗೆ. ನಳಿನಿಯ ತಂದೆ ಎರಡು ಸಲ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದಿದ್ದಾರೆ. ಮೂರನೆಯದನ್ನು ಕಳೆದ ವಾರ ನಾವಿಬ್ಬರೂ ಕುಳಿತು ಬರೆದೆವು.